ತಾತನ ಎಚ್‌ಎಫ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾರಿದ ಕಥೆ

"ಪುಟ್ಟಿ, ಇದು ಎಚ್‌ಎಫ್ ಅಲ್ಲ."

ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟು ಮಾಡಿದ್ದನ್ನ ತಾತ ಮೂರೇ ಪದದಲ್ಲಿ ಮುಗಿಸಿಬಿಟ್ರು. ಆಫೀಸಿನಲ್ಲಿ ಕೋಡ್ ರಿವ್ಯೂ ಮಾಡೋರು ಕೂಡ ಇಷ್ಟು ಚುಟುಕಾಗಿ ರಿಜೆಕ್ಟ್ ಮಾಡಲ್ಲ, ಕನಿಷ್ಠ ಒಂದು ಕಾಮೆಂಟ್ ಆದರೂ ಹಾಕ್ತಾರೆ.

ಎಚ್‌ಎಫ್ ಅಂದ್ರೆ ಎಚ್‌ಎಫ್-24 ಮಾರುತ್. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಎಚ್‌ಎಎಲ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ವಿಮಾನ ರೂಪಿಸಿದ್ದ ಕರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ತಂಡದ ಜೊತೆ ಇಲ್ಲಿಗೆ ಬಂದು, ನಮ್ಮ ಎಂಜಿನಿಯರ್‌ಗಳ ಜೊತೆ ಸೇರಿ ಮಾಡಿದ ವಿಮಾನ ಅದು. ಮೊದಲು ಮರದಲ್ಲಿ ಅದೇ ಅಳತೆಯ ಗ್ಲೈಡರ್ ಮಾಡಿ 1959ರಲ್ಲಿ ಹಾರಿಸಿ ನೋಡಿದ್ರು. ಆಮೇಲೆ 1961ರ ಜೂನ್ 17ರಂದು ನಿಜವಾದ ಮಾರುತ್ ಆಕಾಶಕ್ಕೇರಿತು. ಹಾರಿಸಿದ್ದು ವಿಂಗ್ ಕಮಾಂಡರ್ ಸುರಂಜನ್ ದಾಸ್. ಹೌದು, ನಾವು ದಿನಾ ಟ್ರಾಫಿಕ್‌ನಲ್ಲಿ ನಿಂತು ಬೈಕೊಳ್ಳೋ ಸುರಂಜನ್ ದಾಸ್ ರಸ್ತೆಗೆ ಹೆಸರು ಬಂದಿದ್ದು ಅವರಿಂದಲೇ.

ತಾತ ಮರುವರ್ಷ, 1962ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ ಫ್ಯಾಕ್ಟರಿ ಸೇರಿದ್ರು. ಫಿಟ್ಟರ್ ಕೆಲಸ. ನಮ್ಮ ಮನೆಯಲ್ಲಿ 'ಫ್ಯಾಕ್ಟರಿ' ಅಂದ್ರೆ ಒಂದೇ ಫ್ಯಾಕ್ಟರಿ, 'ಸೈರನ್' ಅಂದ್ರೆ ಒಂದೇ ಸೈರನ್. ಬಾಲ್ಯದಲ್ಲಿ ನನಗೆ ರಾಜಕುಮಾರಿ ಕಥೆಗಿಂತ ಹೆಚ್ಚಾಗಿ ರಿವೆಟ್ ಕಥೆ ಗೊತ್ತಿತ್ತು. ಆದರೆ ಅಜ್ಜಿ ಹೋದ ಮೇಲೆ ತಾತ ಕಥೆ ಹೇಳೋದು ನಿಲ್ಲಿಸಿದ್ರು. ಅದರ ಜೊತೆ ಕಣ್ಣು. ಮ್ಯಾಕ್ಯುಲಾ ಸವೆಯೋ ಕಾಯಿಲೆ. ನೋಟದ ಮಧ್ಯಭಾಗ ಮಸುಕಾಗುತ್ತೆ, ಅಂಚು ಮಾತ್ರ ಉಳಿಯುತ್ತೆ. ಎದುರಿಗೆ ಕೂತೋರ ಮುಖ ಕಾಣಲ್ಲ, ಪಕ್ಕದ ಕಿಟಕಿ ಕಾಣುತ್ತೆ. ಪೇಪರ್ ಓದೋದು ನಿಂತಿತು, ಟಿವಿ ನೋಡೋದು ನಿಂತಿತು. ಬೆಳಗ್ಗೆಯಿಂದ ಸಂಜೆವರೆಗೆ ಬಾಲ್ಕನಿಯ ಕುರ್ಚಿ, ಅಷ್ಟೇ.

ಒಂದು ಭಾನುವಾರ ಅವರು ಇದ್ದಕ್ಕಿದ್ದ ಹಾಗೆ ಕೇಳಿದ್ರು: "ಈ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸ್ತೀಯಲ್ಲ, ಅದರಲ್ಲಿ ಎಚ್‌ಎಫ್ ಇದೆಯಾ?"

"ಮಾಡ್ತೀನಿ ತಾತ" ಅಂದೆ. ಮಾಡೋದು ಏನು ಅಂತ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ವಿಮಾನ ಅಂದ್ರೆ ಒಂದು ಫೋಲ್ಡರ್

ಫ್ಲೈಟ್ ಸಿಮ್ಯುಲೇಟರ್ ಅಂದ್ರೆ ಬಹಳ ಜನ ಗೇಮ್ ಅಂದುಕೊಳ್ತಾರೆ. ನಾನೂ ಲಾಕ್‌ಡೌನ್ ಟೈಮಲ್ಲಿ ಗೇಮ್ ಅಂತಲೇ ಶುರು ಮಾಡಿದ್ದು. ಆದರೆ ಇದರೊಳಗೆ ಹೊಸ ವಿಮಾನ ಸೇರಿಸೋಕೆ ಹೋದಾಗ ಗೊತ್ತಾಗುತ್ತೆ, ಇದು ಗೇಮ್ ವೇಷದಲ್ಲಿರೋ ಫಿಸಿಕ್ಸ್ ಲ್ಯಾಬ್.

ಮೂರು ದಾರಿ ಇದ್ವು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್, ಫ್ಲೈಟ್‌ಗೇರ್. ಬೇರೆಯವರು ಮಾಡಿಟ್ಟ ವಿಮಾನ ಸೇರಿಸೋದಷ್ಟೇ ಬೇಕಿದ್ರೆ ಮೂರೂ ಸುಲಭ. ಮೈಕ್ರೋಸಾಫ್ಟಿನದರಲ್ಲಿ 'ಕಮ್ಯುನಿಟಿ' ಅನ್ನೋ ಫೋಲ್ಡರ್ ಇದೆ, ಎಕ್ಸ್-ಪ್ಲೇನ್‌ನಲ್ಲಿ 'ಏರ್‌ಕ್ರಾಫ್ಟ್' ಫೋಲ್ಡರ್. ಡೌನ್‌ಲೋಡ್ ಮಾಡಿದ್ದನ್ನ ಬಿಚ್ಚಿ ಅಲ್ಲಿ ಹಾಕಿ, ಸಿಮ್ಯುಲೇಟರ್ ಮತ್ತೆ ಶುರು ಮಾಡಿದ್ರೆ ಮುಗೀತು.

ನಾನು ಫ್ಲೈಟ್‌ಗೇರ್ ಆರಿಸಿಕೊಂಡೆ. 1996ರಲ್ಲಿ ಶುರುವಾದ ಓಪನ್ ಸೋರ್ಸ್ ಯೋಜನೆ, ಪೂರ್ತಿ ಉಚಿತ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಮುಖ್ಯವಾಗಿ, ಅದರ ವಿಮಾನಗಳ ಹೆಚ್ಚಿನ ಫೈಲುಗಳು ಬರೀ ಟೆಕ್ಸ್ಟ್. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಬೇರೆಯವರು ಹೇಗೆ ಮಾಡಿದ್ದಾರೆ ಅಂತ ನೋಡಿ ಕಲಿಯೋಕೆ ಇದಕ್ಕಿಂತ ಒಳ್ಳೇ ಶಾಲೆ ಇಲ್ಲ.

ಫ್ಲೈಟ್‌ಗೇರ್‌ಗೆ ವಿಮಾನ ಅಂದ್ರೆ ಒಂದು ಫೋಲ್ಡರ್, ಅಷ್ಟೇ. ಒಳಗೆ ಹೆಸರಿನ ಕೊನೆಗೆ 'ಸೆಟ್' ಅಂತ ಬರೋ ಒಂದು ಎಕ್ಸ್‌ಎಂಎಲ್ ಫೈಲ್ ಇರಲೇಬೇಕು. ಅದನ್ನ ಮದುವೆ ಮನೆಯ ಯಜಮಾನರು ಅಂದುಕೊಳ್ಳಿ. ತಾವು ಯಾವ ಕೆಲಸವನ್ನೂ ಮಾಡಲ್ಲ, ಆದರೆ ಯಾರು ಎಲ್ಲಿದ್ದಾರೆ ಅಂತ ಅವರಿಗೆ ಗೊತ್ತು. ಆಕಾರ ಈ ಫೈಲಿನಲ್ಲಿದೆ, ಹಾರಾಟದ ಲೆಕ್ಕ ಆ ಫೈಲಿನಲ್ಲಿದೆ, ಸದ್ದು ಇನ್ನೊಂದರಲ್ಲಿ, ಪೈಲಟ್ ಕಣ್ಣು ಇಂಥ ಜಾಗದಲ್ಲಿ. ಎಲ್ಲ ದಾರಿ ತೋರಿಸೋದು ಈ ಫೈಲ್.

ನನ್ನ ಫೋಲ್ಡರನ್ನ ಸಿಮ್ಯುಲೇಟರ್‌ನ ಸ್ವಂತ ಡೇಟಾ ಒಳಗೆ ತುರುಕಲಿಲ್ಲ. ಹಾಗೆ ಮಾಡಿದ್ರೆ ಹೊಸ ವರ್ಷನ್ ಹಾಕಿದಾಗ ಅಳಿಸಿಹೋಗೋ ಭಯ. ಬೇರೆ ಕಡೆ ಇಟ್ಟು, ಲಾಂಚರ್‌ನ ಆಡ್-ಆನ್ ಪುಟದಲ್ಲಿ ಆ ಜಾಗ ತೋರಿಸಿದೆ. ಪಟ್ಟಿಯಲ್ಲಿ 'ಎಚ್‌ಎಫ್-24 ಮಾರುತ್' ಅಂತ ಹೆಸರು ಬಂತು. ಒಳಗೆ ಏನೂ ಇಲ್ಲ, ಬರೀ ಹೆಸರು. ಆದರೂ ಸ್ಕ್ರೀನ್‌ಶಾಟ್ ತೆಗೆದು ತಂಗಿಗೆ ಕಳಿಸಿದೆ ಅಂತ ಒಪ್ಪಿಕೊಳ್ತೀನಿ.

ಸೊಂಟ ಇಲ್ಲದ ವಿಮಾನ

ಆಕಾರಕ್ಕೆ ಬ್ಲೆಂಡರ್ ಅನ್ನೋ ಉಚಿತ ತ್ರಿಡಿ ಸಾಫ್ಟ್‌ವೇರ್. ಮಾರುತ್‌ನ ಮೂರು ದಿಕ್ಕಿನ ರೇಖಾಚಿತ್ರವನ್ನ ಹಿನ್ನೆಲೆಯಲ್ಲಿಟ್ಟು, ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್ ಬರೋ ಹಾಗೆ ಅಳತೆ ಹೊಂದಿಸಿದೆ. ಅರ್ಧ ವಿಮಾನ ಮಾಡಿದ್ರೆ ಸಾಕು, 'ಮಿರರ್' ಅಂದ್ರೆ ಇನ್ನರ್ಧ ತಾನೇ ಬರುತ್ತೆ.

ಫೋಟೋಗೆ ದೂರ ಹೋಗಬೇಕಾಗಲಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಒಂದು ಮಾರುತ್ ನಿಂತಿದೆ. ಸ್ಕೂಲ್ ಟ್ರಿಪ್‌ನಲ್ಲಿ ಹೋದಾಗ ಅದರ ಮುಂದೆ ಚಿಪ್ಸ್ ತಿಂದಿದ್ದು ನೆನಪಿದೆ, ವಿಮಾನ ನೋಡಿದ್ದು ನೆನಪಿಲ್ಲ. ಈ ಸಲ ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಮೂತಿ, ಗಾಳಿ ಒಳಹೋಗೋ ಬಾಯಿಯಲ್ಲಿರೋ ಅರ್ಧ ಶಂಕು, ಬಾಲದಲ್ಲಿ ಅಕ್ಕಪಕ್ಕ ಕೂತ ಎರಡು ಜೆಟ್ ಪೈಪು. ಜೊತೆಗಿದ್ದ ಮಕ್ಕಳು "ಅಕ್ಕ ಯೂಟ್ಯೂಬರ್ರಾ?" ಅಂತ ಪಿಸುಗುಟ್ಟಿದ್ರು.

ಬಣ್ಣ ಬಳಿದು ಟಿವಿಗೆ ಜೋಡಿಸಿ ತಾತನನ್ನ ಕರೆದೆ. ಅವರು ಟಿವಿ ಕಡೆ ನೇರ ನೋಡಲಿಲ್ಲ. ಮುಖ ಗೋಡೆ ಕಡೆ ತಿರುಗಿಸಿ, ಕಣ್ಣಂಚಿನಿಂದ ನೋಡಿದ್ರು. ಒಂದು ನಿಮಿಷ ಆದ ಮೇಲೆ ಬಂದಿದ್ದು ಆ ಮೂರು ಪದ.

"ಯಾಕೆ ತಾತ? ಅಳತೆ ಎಲ್ಲ ಸರಿ ಇದೆ."

"ಸೊಂಟ ಎಲ್ಲಿ? ನೀನು ಪೈಪ್ ಮಾಡಿದ್ದೀಯ. ಎಚ್‌ಎಫ್‌ಗೆ ಸೊಂಟ ಇತ್ತು."

ಫೋಟೋ ತೆಗೆದು ನೋಡಿದೆ. ಇತ್ತು! ರೆಕ್ಕೆ ಸೇರೋ ಕಡೆ ದೇಹ ಒಳಗೆ ತಗ್ಗಿ, ಹಿಂದೆ ಮತ್ತೆ ಉಬ್ಬುತ್ತೆ, ಹಳೇ ಸೋಡಾ ಬಾಟಲಿ ತರ. ನೂರು ಫೋಟೋ ತೆಗೆದ ನನ್ನ ಕಣ್ಣಿಗೆ ಬೀಳದ್ದು, ಕಣ್ಣು ಮಂಜಾದವರಿಗೆ ನೆನಪಿತ್ತು. ಎಷ್ಟಂದ್ರೂ ಅದರ ಮೇಲೆ ಕೈಯಾಡಿಸಿದವರು.

ಇದಕ್ಕೆ 'ಏರಿಯಾ ರೂಲ್' ಅಂತಾರೆ. ಶಬ್ದದ ವೇಗದ ಹತ್ತಿರ ಹೋದಾಗ ವಿಮಾನದ ಅಡ್ಡಕೊಯ್ತದ ವಿಸ್ತೀರ್ಣ ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಏರಿ ಇಳಿಯಬೇಕು. ಥಟ್ಟನೆ ಹೆಚ್ಚಾದ್ರೆ ಗಾಳಿಯ ಪ್ರತಿರೋಧ ಜಾಸ್ತಿ. ರೆಕ್ಕೆ ಬರೋ ಕಡೆ ವಿಸ್ತೀರ್ಣ ಹೆಚ್ಚುತ್ತಲ್ಲ, ಅದಕ್ಕೆ ಅಲ್ಲಿ ದೇಹವನ್ನ ತೆಳ್ಳಗೆ ಮಾಡ್ತಾರೆ. 1950ರ ದಶಕದಲ್ಲಿ ಅಮೆರಿಕದ ರಿಚರ್ಡ್ ವಿಟ್‌ಕಾಂಬ್ ತೋರಿಸಿಕೊಟ್ಟ ತತ್ವ ಇದು. ಎಂಜಿನಿಯರಿಂಗ್ ಓದಿದ ನನಗೆ ಇದನ್ನ ಮತ್ತೆ ನೆನಪಿಸಿದ್ದು ಹತ್ತನೇ ಕ್ಲಾಸ್ ಓದಿದ ತಾತ. ಅವರು ಅದನ್ನ 'ಸೊಂಟ' ಅಂದ್ರು, ಅಷ್ಟೇ ವ್ಯತ್ಯಾಸ.

ಸೊಂಟ ತಂದೆ. ಆಮೇಲೆ ಚಲನೆ. ಏಲರಾನ್, ಚಕ್ರ, ಕ್ಯಾನೋಪಿ, ಎಲ್ಲದಕ್ಕೂ ಎಕ್ಸ್‌ಎಂಎಲ್‌ನಲ್ಲಿ ಯಾವ ತುಂಡು, ಯಾವ ಅಚ್ಚಿನ ಸುತ್ತ, ಎಷ್ಟು ಡಿಗ್ರಿ ತಿರುಗಬೇಕು ಅಂತ ಬರೀಬೇಕು. ಚಕ್ರ ಪೂರ್ತಿ ಮೇಲಿದ್ರೆ 0, ಪೂರ್ತಿ ಕೆಳಗಿದ್ರೆ 1. ನನ್ನ ಎಡ ಏಲರಾನ್ ಮಾತ್ರ ಅಲ್ಲಾಡಲೇ ಇಲ್ಲ. ಒಂದು ಪೂರ್ತಿ ಶನಿವಾರ ಹೋಯಿತು. ಕೊನೆಗೆ ನೋಡಿದ್ರೆ, ಕಾಪಿ ಮಾಡಿದಾಗ ಬ್ಲೆಂಡರ್ ಅದರ ಹೆಸರಿನ ಕೊನೆಗೆ ಸದ್ದಿಲ್ಲದೆ '.001' ಸೇರಿಸಿತ್ತು. ಎರಡು ಫೈಲಿನಲ್ಲಿ ಹೆಸರು ಒಂದಕ್ಷರ ಬೇರೆ ಇದ್ರೂ ಸಿಮ್ಯುಲೇಟರ್ ಜಗಳ ಆಡಲ್ಲ, ಸುಮ್ನೆ ಇರುತ್ತೆ.

ಸಾಸಿವೆ ತರ ಸಿಡಿದ ಫೈಟರ್

ಆಕಾರ ಆಯ್ತು, ಈಗ ಹಾರಬೇಕು. ಇಲ್ಲಿ ನಾನು ಕಲಿತ ದೊಡ್ಡ ಪಾಠ ಒಂದಿದೆ: ಫ್ಲೈಟ್‌ಗೇರ್‌ನಲ್ಲಿ ಕಾಣೋ ವಿಮಾನ ಬೇರೆ, ಹಾರೋ ವಿಮಾನ ಬೇರೆ. ನೀವು ತ್ರಿಡಿಯಲ್ಲಿ ಒಂದು ಮಂಚ ಬಿಡಿಸಿ ಮಾರುತ್‌ನ ಹಾರಾಟದ ಫೈಲ್ ಕೊಟ್ರೆ, ಮಂಚ ಮಾರುತ್ ತರಾನೇ ಹಾರುತ್ತೆ. ನಾನು ಅಷ್ಟು ಕಷ್ಟಪಟ್ಟು ತಂದ ಸೊಂಟದಿಂದ ಹಾರಾಟದಲ್ಲಿ ಒಂದಿಷ್ಟೂ ಬದಲಾಗಲಿಲ್ಲ. ಅದರ ಫಲವನ್ನ ಪ್ರತಿರೋಧದ ಕೋಷ್ಟಕದಲ್ಲಿ ಅಂಕಿಯಾಗಿ ನಾನೇ ಬರೀಬೇಕಿತ್ತು. ಎಕ್ಸ್-ಪ್ಲೇನ್ ದಾರಿ ಬೇರೆ. ಅಲ್ಲಿ ಪ್ಲೇನ್ ಮೇಕರ್‌ನಲ್ಲಿ ಕೊಟ್ಟ ಆಕಾರದಿಂದಲೇ ಅದು ಬಲಗಳ ಲೆಕ್ಕ ಹಾಕುತ್ತೆ.

ಫ್ಲೈಟ್‌ಗೇರ್‌ನಲ್ಲಿ ಹಾರಾಟದ ಲೆಕ್ಕಕ್ಕೆ ಮುಖ್ಯವಾಗಿ ಎರಡು ವಿಧಾನ. ಯಾಸಿಮ್‌ಗೆ ರೆಕ್ಕೆಯ ಅಳತೆ, ಕ್ರೂಸ್ ವೇಗ, ಇಳಿಯೋ ವೇಗ ಕೊಟ್ರೆ, ಉತ್ತರ ನೋಡಿಕೊಂಡು ಲೆಕ್ಕ ಬಿಡಿಸೋ ಹುಡುಗನ ತರ ಮಧ್ಯದ್ದನ್ನೆಲ್ಲ ತಾನೇ ಹೊಂದಿಸುತ್ತೆ. ಜೆಎಸ್‌ಬಿಸಿಮ್‌ಗೆ ಲಿಫ್ಟ್, ಡ್ರ್ಯಾಗ್ ಎಲ್ಲ ಕೋಷ್ಟಕ ನೀವೇ ಕೊಡಬೇಕು. ಕಷ್ಟ, ಆದರೆ ನಿಯಂತ್ರಣ ಹೆಚ್ಚು. ನಾನು ಎರಡನೆಯದನ್ನ ತಗೊಂಡೆ. ಶುರುವಿಗೆ ಏರೋಮ್ಯಾಟಿಕ್ ಅನ್ನೋ ಸಾಧನ ಇದೆ. ತೂಕ, ಉದ್ದ, ರೆಕ್ಕೆ, ಎಂಜಿನ್ ಎಷ್ಟು, ಒತ್ತು ಎಷ್ಟು ಅಂತ ಕೇಳಿ, ಒಂದು ಅಂದಾಜಿನ ಫೈಲ್ ಮಾಡಿಕೊಡುತ್ತೆ. ದೋಸೆಗೆ ರೆಡಿ ಹಿಟ್ಟು ತಂದ ಹಾಗೆ. ಹುಯ್ಯೋದು, ತಿರುವೋದು ನಿಮ್ಮ ಕೈಚಳಕ.

ಮೊದಲ ಸಲ ಎಚ್‌ಎಎಲ್ ರನ್‌ವೇ ಮೇಲೆ ವಿಮಾನ ನಿಲ್ಲಿಸಿದೆ. ನಿಲ್ಲಲಿಲ್ಲ. ಒಗ್ಗರಣೆಗೆ ಹಾಕಿದ ಸಾಸಿವೆ ತರ ಚಟ್ ಅಂತ ಸಿಡಿದು, ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು ಮಕಾಡೆ ಬಿತ್ತು. ಕಾರಣ, ಚಕ್ರದ ಸ್ಪ್ರಿಂಗ್ ಬಿಗಿತವನ್ನ ವಿಪರೀತ ಕೊಟ್ಟಿದ್ದೆ. ಜೊತೆಗೆ ಚಕ್ರದ ಜಾಗ ನೆಲದೊಳಗೆ ಹೂತಿತ್ತು. ಒತ್ತಿಹಿಡಿದ ಸ್ಪ್ರಿಂಗ್ ಬಿಟ್ಟರೆ ಏನಾಗುತ್ತೋ ಅದೇ ಆಗಿತ್ತು.

ಅದನ್ನ ಸರಿಮಾಡಿದೆ. ಈಗ ನಿಂತಿತು, ಆದರೆ ಬಾಲದ ಮೇಲೆ ಕೂತು ಮೂತಿ ಆಕಾಶಕ್ಕೆ! ಸ್ಕೂಟರ್ ಹಿಂದಿನ ಸೀಟಿನ ತುದಿಗೆ ಅಕ್ಕಿ ಮೂಟೆ ಕಟ್ಟಿದ್ರೆ ಮುಂದಿನ ಚಕ್ರ ಏಳುತ್ತಲ್ಲ, ಅದೇ ಕಥೆ. ಗುರುತ್ವ ಕೇಂದ್ರ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಹೋಗಿತ್ತು. ಟ್ಯಾಂಕಿನ ಇಂಧನಕ್ಕೂ ತೂಕ ಇದೆ, ಅದನ್ನ ಎಲ್ಲಿ ಇಟ್ಟಿದ್ದೀಯ ಅನ್ನೋದೂ ಲೆಕ್ಕಕ್ಕೆ ಬರುತ್ತೆ ಅಂತ ಆಗ ಹೊಳೀತು.

6,195. ಕೆಜಿನಾ, ಪೌಂಡಾ?

ಮೂರನೇ ವಾರ ಕೊನೆಗೂ ಹಾರಿತು. ಹಾರಿದ್ದು ಹೇಗೆ ಅಂತೀರಿ! ಥ್ರಾಟಲ್ ಒತ್ತಿದ್ದೇ ತಡ, ರನ್‌ವೇ ಅರ್ಧ ದಾಟೋ ಮೊದಲೇ ಮೇಲೆದ್ದು, ದೀಪಾವಳಿ ರಾಕೆಟ್ ತರ ಏರಿತು. ನಾನು ಕುಣಿದೆ. ಪಕ್ಕದಲ್ಲಿ ಕೂತ ತಾತನ ಮುಖ ಗಂಟಾಯಿತು.

"ಇಷ್ಟು ಬೇಗ ಏಳಲ್ಲ ಅದು."

"ಚೆನ್ನಾಗಿದೆ ಅಲ್ವಾ ತಾತ?"

"ಚೆನ್ನಾಗಿದೆ. ಆದರೆ ಅದು ಎಚ್‌ಎಫ್ ಅಲ್ಲ. ಎಚ್‌ಎಫ್ ರನ್‌ವೇ ತಿನ್ನೋದು. ಕೊನೇವರೆಗೆ ಓಡೋದು. ನಾವು ಗೇಟ್ ಹತ್ರ ನಿಂತು ಏಳು, ಏಳು ಅಂತಿದ್ವಿ."

ಫೈಲ್ ತೆರೆದು ಸಾಲು ಸಾಲಾಗಿ ಓದಿದೆ. ಖಾಲಿ ತೂಕ 6,195 ಅಂತ ಬರೆದಿದ್ದೆ. ಅಂಕಿ ಸರಿ, ಮಾರುತ್‌ನ ಖಾಲಿ ತೂಕ 6,195 ಕೆಜಿ. ಆದರೆ ಏರೋಮ್ಯಾಟಿಕ್ ಕೊಟ್ಟ ಫೈಲಿನಲ್ಲಿ ಪಕ್ಕದಲ್ಲಿದ್ದ ಏಕಮಾನ ಪೌಂಡ್. ಅಂಕಿ ಬದಲಾಯಿಸಿದ್ದೆ, ಏಕಮಾನ ಬಿಟ್ಟಿದ್ದೆ. ಸುಮಾರು 13,660 ಪೌಂಡ್ ಇರಬೇಕಾದ ಜಾಗದಲ್ಲಿ ಅರ್ಧಕ್ಕಿಂತ ಕಮ್ಮಿ! ನಾನು ಹಾರಿಸಿದ್ದು ಮಾರುತ್‌ನ ಬಣ್ಣ ಬಳಿದ ಗಾಳಿಪಟ.

ನಗಬೇಡಿ, ದೊಡ್ಡೋರೂ ಇಲ್ಲಿ ಎಡವಿದ್ದಾರೆ. 1983ರ ಜುಲೈನಲ್ಲಿ ಏರ್ ಕೆನಡಾದ ಬೋಯಿಂಗ್ 767 ಒಂದಕ್ಕೆ ಕೆಜಿ-ಪೌಂಡ್ ಗೊಂದಲದಲ್ಲಿ ಬೇಕಾದ್ದರ ಅರ್ಧಕ್ಕಿಂತ ಕಮ್ಮಿ ಇಂಧನ ತುಂಬಿ, ಆಕಾಶದಲ್ಲೇ ಎರಡೂ ಎಂಜಿನ್ ನಿಂತುಹೋಯಿತು. ಪೈಲಟ್‌ಗಳು ಅದನ್ನ ಗ್ಲೈಡರ್ ತರ ತೇಲಿಸಿಕೊಂಡು ಹೋಗಿ ಗಿಮ್ಲಿ ಅನ್ನೋ ಊರಲ್ಲಿ ಇಳಿಸಿದ್ರು. ಅದೃಷ್ಟಕ್ಕೆ ಎಲ್ಲರೂ ಬದುಕಿದ್ರು.

ತೂಕ ಸರಿಮಾಡಿದ ಮೇಲೆ ನನ್ನ ಮಾರುತ್ ನಿಜಕ್ಕೂ ರನ್‌ವೇ ತಿಂದಿತು. ಓಡಿತು, ಓಡಿತು, ಗೋಡೆ ಹತ್ತಿರ ಬರೋವರೆಗೆ ಓಡಿ, ಭಾರವಾಗಿ ಮೇಲೆದ್ದಿತು. ತಾತ ಕುರ್ಚಿಯ ಕೈ ಹಿಡಿದುಕೊಂಡು "ಏಳು... ಏಳು..." ಅಂತಿದ್ರು. ಅಜ್ಜಿ ಹೋದ ಮೇಲೆ ಅವರ ದನಿ ಅಷ್ಟು ಜೋರಾಗಿ ನಾನು ಕೇಳಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಓಡಿ ಬಂದ್ರು, ಏನಾಯ್ತೋ ಅಂತ.

ಎರಡು ಎಂಜಿನ್, ಎರಡು ರಾಗ

ಆಮೇಲಿಂದ ದಿನಾ ರಾತ್ರಿ ಊಟ ಆದ ಮೇಲೆ ತಾತ ಟೆಸ್ಟಿಂಗ್ ಟೀಮ್. ಸ್ಟ್ಯಾಂಡ್‌ಅಪ್ ಮೀಟಿಂಗ್ ಒಂಬತ್ತಕ್ಕೆ. ನನ್ನ ಆಫೀಸಿನ ಯಾವ ಟೆಸ್ಟರ್ ಕೂಡ ಇಷ್ಟು ಬಗ್ ಹಿಡಿದಿಲ್ಲ.

ಒಂದು ದಿನ ಹೇಳಿದ್ರು: "ಸದ್ದು ತಪ್ಪು. ಒಂದೇ ಎಂಜಿನ್ ಕೇಳ್ತಿದೆ."

ನಿಜ. ಉಚಿತ ಪರವಾನಗಿಯ ಒಂದು ಜೆಟ್ ಸದ್ದು ತಂದು, ಎಂಜಿನ್ ವೇಗ ಹೆಚ್ಚಿದಂತೆ ಸದ್ದಿನ ಸ್ಥಾಯಿ ಏರೋ ಹಾಗೆ ಎಕ್ಸ್‌ಎಂಎಲ್ ಬರೆದಿದ್ದೆ. ಅದು ಮೊದಲನೇ ಎಂಜಿನ್‌ಗೆ ಮಾತ್ರ. ಎರಡನೇದಕ್ಕೂ ಅದನ್ನೇ ಕಾಪಿ ಮಾಡಿದೆ. ತಾತ ತಲೆ ಆಡಿಸಿದ್ರು. "ಎರಡೂ ಒಂದೇ ರಾಗದಲ್ಲಿ ಹಾಡಲ್ಲ ಪುಟ್ಟಿ. ಒಂದು ಚೂರು ಮುಂದೆ, ಒಂದು ಚೂರು ಹಿಂದೆ. ವೂಂ... ವೂಂ... ಅಂತ ಅಲೆ ತರ ಬರಬೇಕು."

ಪಿಯುಸಿ ಫಿಸಿಕ್ಸ್‌ನಲ್ಲಿ 'ಬೀಟ್ಸ್' ಅಂತ ಓದಿರ್ತೀರ. ಹತ್ತಿರ ಹತ್ತಿರದ ಎರಡು ಸ್ವರ ಸೇರಿದಾಗ ಸದ್ದು ಏರಿ ಇಳಿಯುತ್ತೆ. ಎರಡನೇ ಎಂಜಿನ್‌ನ ಸ್ಥಾಯಿಯನ್ನ ಒಂದು ಕೂದಲಷ್ಟು ಇಳಿಸಿದೆ. ಅಲೆ ಬಂತು. ತಾತ ಏನೂ ಹೇಳಲಿಲ್ಲ, ತಲೆ ಮಾತ್ರ ನಿಧಾನವಾಗಿ ತೂಗಿತು. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತವರ ತರ.

(ಒಂದು ಸಣ್ಣ ಟಿಪ್: ಸದ್ದಿನ ಫೈಲ್ ಮೊನೋ ಇರಬೇಕು. ಸ್ಟೀರಿಯೋ ಕೊಟ್ರೆ ವಿಮಾನ ದೂರ ಹೋದ್ರೂ ಸದ್ದು ಕಮ್ಮಿ ಆಗಲ್ಲ.)

ನಾಲ್ಕು ಲೈನ್

ಈಗ ಬರೋದು ನಾನು ಬರೀಬೇಕೋ ಬೇಡವೋ ಅಂತ ಯೋಚಿಸಿದ ಭಾಗ.

ಮಾರುತ್‌ನ ದುಃಖ ಅದರ ಎಂಜಿನ್. ಟ್ಯಾಂಕ್ ಅದನ್ನ ರೂಪಿಸಿದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ ನಂಬಿಕೊಂಡು. ತಲಾ 6,810 ಪೌಂಡ್ ಒತ್ತು, ರೀಹೀಟ್ ಹಚ್ಚಿದ್ರೆ 8,170. ಆ ಎಂಜಿನ್ ಅಭಿವೃದ್ಧಿ ಅರ್ಧಕ್ಕೆ ನಿಂತಿತು. ಸಿಕ್ಕಿದ್ದು ಆರ್ಫಿಯಸ್ 703, ತಲಾ 4,850 ಪೌಂಡ್, ರೀಹೀಟ್ ಇಲ್ಲ. ಬೇರೆ ಎಂಜಿನ್‌ಗಾಗಿ ಹುಡುಕಾಟ ನಡೀತು. ಈಜಿಪ್ಟ್‌ನಲ್ಲಿ ತಯಾರಾಗ್ತಿದ್ದ ಇ-300 ಎಂಜಿನನ್ನ ಒಂದು ಮಾರುತ್‌ಗೆ ಹಾಕಿ ಅಲ್ಲಿ ಹಾರಿಸಿಯೂ ನೋಡಿದ್ರು. ಅದೂ ಕೈಗೂಡಲಿಲ್ಲ. ಶಬ್ದದ ಎರಡು ಪಟ್ಟು ವೇಗದ ಕನಸು ಕಂಡ ದೇಹ, ಶಬ್ದದ ವೇಗದ ಹೊಸ್ತಿಲಲ್ಲೇ ನಿಂತುಬಿಟ್ಟಿತು. ಆದರೂ 147 ವಿಮಾನ ತಯಾರಾದ್ವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಒಳ್ಳೇ ಕೆಲಸ ಮಾಡಿದ್ವು. 1990ರ ಹೊತ್ತಿಗೆ ಸೇವೆಯಿಂದ ಹೊರಬಿದ್ದವು.

ಒಂದು ರಾತ್ರಿ ಎಂಜಿನ್ ಫೈಲ್ ತೆರೆದಿದ್ದೆ. 4,850 ಅನ್ನೋ ಅಂಕಿ ಕಣ್ಣಮುಂದೆ. ತಲೆಗೆ ಬಂತು, ನಾಲ್ಕೇ ಲೈನ್! 4,850 ತೆಗೆದು 6,810 ಹಾಕು. ಗರಿಷ್ಠ 8,170 ಮಾಡು. ರೀಹೀಟ್ ಇದೆಯಾ ಅನ್ನೋ ಕಡೆ 0 ಇರೋದನ್ನ 1 ಮಾಡು. ಅದು ಯಾವಾಗ ಹತ್ತಬೇಕು ಅಂತ ಹೇಳು. ವರ್ಷಗಟ್ಟಲೆ ಕಾದರೂ ಸಿಗದ ಎಂಜಿನ್ ಐದು ನಿಮಿಷದಲ್ಲಿ ಬಂತು. ತೂಕಕ್ಕೆ ಹೋಲಿಸಿದ್ರೆ ಅರ್ಧದಷ್ಟಿದ್ದ ಒತ್ತು 0.8 ದಾಟಿತು.

ಮರುದಿನ ತಾತನಿಗೆ ತೋರಿಸಿದೆ. "ತಾತ, ಇವತ್ತು ನಿಮ್ಮ ಎಚ್‌ಎಫ್‌ಗೆ ಅದು ಕಾಯ್ತಿದ್ದ ಎಂಜಿನ್ ಹಾಕಿದ್ದೀನಿ." ಹಾರಿಸಿದೆ. ಎರಡು ಬೆಂಕಿ ನಾಲಗೆ ಬಿಟ್ಟುಕೊಂಡು ಬೆಂಗಳೂರಿನ ಆಕಾಶ ಸೀಳಿಕೊಂಡು ಹೋಯಿತು.

ಚಪ್ಪಾಳೆ ನಿರೀಕ್ಷೆ ಮಾಡಿದ್ದೆ. ತಾತ ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು: "ದಾಸ್ ಸಾಹೇಬ್ರು ಹೋಗಿದ್ದು ರೀಹೀಟ್ ಮೆಷಿನ್‌ನಲ್ಲೇ."

ನನಗೆ ಗೊತ್ತಿರಲಿಲ್ಲ. 1970ರ ಜನವರಿ 10. ಮಾರುತ್‌ಗೆ ರೀಹೀಟ್ ಜೋಡಿಸಿದ ಪ್ರಯೋಗದ ವಿಮಾನ ಹಾರಿಸುವಾಗ ಆದ ಅಪಘಾತದಲ್ಲಿ ಸುರಂಜನ್ ದಾಸ್ ತೀರಿಕೊಂಡರು. ತಾತನಿಗೆ ಆಗ ಮೂವತ್ತು, ಈಗಿನ ನನ್ನ ವಯಸ್ಸು. ಆ ದಿನ ಶಾಪ್‌ನಲ್ಲಿ ಯಾರೂ ಊಟದ ಡಬ್ಬಿ ತೆಗೆಯಲಿಲ್ಲ ಅಂದ್ರು. ಇನ್ನೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

"ಅಳಿಸಿಬಿಡಲಾ ತಾತ?"

"ಬೇಡ. ಅದನ್ನ ಬೇರೆ ಇಡು. ಇದರ ಜೊತೆ ಕಲಸಬೇಡ. ನಾವು ಮಾಡಿದ್ದು ಯಾವುದು, ಮಾಡಬೇಕು ಅಂದುಕೊಂಡಿದ್ದು ಯಾವುದು ಅಂತ ನೋಡೋರಿಗೆ ಗೊತ್ತಾಗಬೇಕು."

ಹಾಗೇ ಮಾಡಿದೆ. ಒಂದೇ ಫೋಲ್ಡರ್‌ನಲ್ಲಿ ಎರಡು ಸೆಟ್ ಫೈಲ್ ಇಡಬಹುದು. ಆಕಾರ, ಬಣ್ಣ ಎಲ್ಲ ಒಂದೇ, ಹಾರಾಟದ ಫೈಲ್ ಮಾತ್ರ ಬೇರೆ. ಪಟ್ಟಿಯಲ್ಲಿ ಈಗ ಎರಡು ಹೆಸರಿವೆ. 'ಮಾರುತ್'. ಅದರ ಕೆಳಗೆ, 'ಮಾರುತ್, ಆರ್ಫಿಯಸ್ 12, ಹಾರದೇ ಉಳಿದದ್ದು'.

ನೀವೂ ಶುರು ಮಾಡೋದಾದ್ರೆ

ಸೊನ್ನೆಯಿಂದ ಮಾಡಬೇಡಿ. ಫ್ಲೈಟ್‌ಗೇರ್ ಜೊತೆಗೇ ಬರೋ ಸೆಸ್ನಾ 172 ಫೋಲ್ಡರ್ ಕಾಪಿ ಮಾಡಿ, ಹೆಸರು ಬದಲಾಯಿಸಿ, ಒಂದೊಂದೇ ಅಂಕಿ ಬದಲಾಯಿಸುತ್ತಾ ಏನಾಗುತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಏನಾದ್ರೂ ಕೆಲಸ ಮಾಡದಿದ್ರೆ ಮೊದಲು ಲಾಗ್ ಫೈಲ್ ಓದಿ. ಆಮೇಲೆ ಫೈಲ್ ಹೆಸರಿನ ದೊಡ್ಡಕ್ಷರ-ಸಣ್ಣಕ್ಷರ, ತುಂಡುಗಳ ಹೆಸರು ನೋಡಿ. ಅಂಕಿ ಬರೆದ ಕಡೆಯೆಲ್ಲ ಏಕಮಾನ ಓದಿ. ಎರಡು ಸಲ ಓದಿ. (ನನ್ನ ಗಾಳಿಪಟ ನೆನಪಿರಲಿ.)

ಟೆಕ್ಸ್ಚರ್ ಚಿತ್ರಗಳ ಅಳತೆ 512, 1024, 2048 ಹೀಗೆ ಇರಲಿ. ಪ್ರತಿದಿನದ ಕೆಲಸವನ್ನ ಗಿಟ್‌ನಲ್ಲಿ ಉಳಿಸಿ. ನಿನ್ನೆ ಹಾರುತ್ತಿದ್ದದ್ದು ಇವತ್ತು ಹಾರದಿದ್ರೆ, ನಿನ್ನೆಗೆ ವಾಪಸ್ ಹೋಗೋ ದಾರಿ ಇರಬೇಕು.

ಬೇರೆಯವರ ಮಾಡೆಲ್, ಸದ್ದು ಬಳಸುವಾಗ ಪರವಾನಗಿ ಓದಿ, ಅವರ ಹೆಸರು ಹಾಕಿ. ದುಡ್ಡು ಕೊಟ್ಟು ಕೊಂಡ ವಿಮಾನವನ್ನ ಬಿಚ್ಚಿ ಇನ್ನೊಂದು ಸಿಮ್ಯುಲೇಟರ್‌ಗೆ ಹಾಕಿ ಹಂಚೋದು ಕಳ್ಳತನವೇ.

ಎಲ್ಲಕ್ಕಿಂತ ಮುಖ್ಯ, ಆ ವಿಮಾನದ ಜೊತೆ ಕೆಲಸ ಮಾಡಿದವರು ಯಾರಾದ್ರೂ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ರೆ ಹೋಗಿ ಕೂತು ಕೇಳಿ. ಬೆಂಗಳೂರಿನಲ್ಲಿ ಅಂಥವರು ಬಹಳ ಜನ ಇದ್ದಾರೆ. ಎಷ್ಟೋ ವಿಷಯ ರೇಖಾಚಿತ್ರದಲ್ಲಿ ಸಿಗಲ್ಲ.

ಕೊನೆಗೊಂದು

ಕಾಕ್‌ಪಿಟ್‌ಗೆ ಅಂತಲೇ ಐದು ವಾರ ಕಳೆದಿದ್ದೆ. ಪ್ರತಿ ಗಡಿಯಾರ, ಪ್ರತಿ ಸ್ವಿಚ್ಚು. ತಾತನ ಕೈಗೆ ಜಾಯ್‌ಸ್ಟಿಕ್ ಕೊಟ್ಟು "ಬನ್ನಿ ತಾತ, ಇವತ್ತು ನೀವೇ ಒಳಗೆ ಕೂತು ಹಾರಿಸಿ" ಅಂದೆ.

ಅವರು ಜಾಯ್‌ಸ್ಟಿಕ್ ವಾಪಸ್ ಕೊಟ್ರು.

"ನಾನ್ಯಾವತ್ತು ಒಳಗೆ ಕೂತಿದ್ದೆ? ಹೊರಗಿಂದ ತೋರಿಸು."

ಕೀಬೋರ್ಡ್‌ನಲ್ಲಿ 'ವಿ' ಒತ್ತಿದ್ರೆ ನೋಟ ಬದಲಾಗುತ್ತೆ. ಒತ್ತುತ್ತಾ ಹೋಗಿ ಟವರ್ ನೋಟಕ್ಕೆ ತಂದೆ. ಈಗ ನಾವು ನೆಲದ ಮೇಲೆ, ರನ್‌ವೇ ಪಕ್ಕದಲ್ಲಿ. ವಿಮಾನ ದೂರದ ತುದಿಯಲ್ಲಿ ಒಂದು ಚುಕ್ಕೆ. ಥ್ರಾಟಲ್ ಪೂರ್ತಿ ಕೊಟ್ಟೆ. ವೂಂ... ವೂಂ... ಅಂತ ಎರಡು ರಾಗದ ಸದ್ದು ಹತ್ತಿರ ಬಂತು, ಟಿವಿಯ ಸ್ಪೀಕರ್ ನಡುಗಿತು, ದಾಟಿದ ತಕ್ಷಣ ಸ್ವರ ಇಳಿಯಿತು.

ತಾತ ಟಿವಿ ನೋಡ್ತಿರಲಿಲ್ಲ. ಕಣ್ಣು ಮುಚ್ಚಿ, ತಲೆ ಮಾತ್ರ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದ್ರು, ವಿಮಾನ ಹೋದ ಕಡೆಗೆ.

"ಎದ್ದಿತಾ?" ಅಂತ ಕೇಳಿದ್ರು.

"ಎದ್ದಿತು ತಾತ."

"ಹಾಂ. ಈಗ ಎಚ್‌ಎಫ್."

ನನ್ನ ಮೊದಲ ಅಪ್ರೂವಲ್! ಮರುದಿನ ಬೆಳಗ್ಗೆ ಬಾಲ್ಕನಿಯಿಂದ ಕೂಗಿ ಕರೆದ್ರು: "ಪುಟ್ಟಿ, ಪುಷ್ಪಕ್ ಅಂತ ಒಂದು ಸಣ್ಣ ವಿಮಾನ ಇತ್ತು, ಗೊತ್ತಾ? ಅದರ ರೆಕ್ಕೆಗೆ ಬಟ್ಟೆ ಹೊದಿಸೋದು ಹೇಗೆ ಅಂತ ಹೇಳ್ತೀನಿ, ಬಾ ಕೂತ್ಕೋ."

ಕೂತೆ. ಈ ಸಲ ನೋಟ್‌ಬುಕ್ ತಗೊಂಡೇ ಕೂತೆ.